ವೆಸ್ಟ್ ಎಂಡ್ ಅವೆನ್ಯೂದಲ್ಲಿ 1926ರ ಕಟ್ಟಡ: ಮನೆ ಕೊಳ್ಳೋದಾ, ಬಿಡೋದಾ?

ಹಾಸನದ_ಹುಡುಗ
ಎಲ್ಲರಿಗೂ ನಮಸ್ಕಾರ. ಒಂಬತ್ತು ವರ್ಷದಿಂದ ಜರ್ಸಿ ಸಿಟಿಯಲ್ಲಿ ಬಾಡಿಗೆಗೆ ಇದ್ದೇವೆ. ಹೋದ ಭಾನುವಾರ ಮ್ಯಾನ್‌ಹಟನ್‌ನ ಅಪ್ಪರ್ ವೆಸ್ಟ್ ಸೈಡ್‌ನಲ್ಲಿ ಒಂದು ಮನೆ ನೋಡಿ ಬಂದೆವು. ವೆಸ್ಟ್ ಎಂಡ್ ಅವೆನ್ಯೂ, 1926ರ ಕಟ್ಟಡ, 15 ಮಹಡಿ. ಮನೆ ಇರೋದು ಎಂಟನೇ ಮಹಡಿಯಲ್ಲಿ. ಬ್ರೋಕರ್ ಇದನ್ನು 'ಕ್ಲಾಸಿಕ್ ಸಿಕ್ಸ್' ಅಂದರು. ಹಾಲ್, ಊಟದ ಕೋಣೆ, ಅಡುಗೆ ಮನೆ, ಎರಡು ಮಲಗೋ ಕೋಣೆ, ಅಡುಗೆ ಮನೆ ಹಿಂದೆ ಒಂದು ಪುಟ್ಟ ಕೋಣೆ. ಒಟ್ಟು ಆರು.

ನನಗಂತೂ ಮನಸ್ಸು ಅಲ್ಲೇ ಉಳಿದುಬಿಟ್ಟಿದೆ. ಗೋಡೆ ತಟ್ಟಿದರೆ ನಮ್ಮ ಅಜ್ಜನ ಮನೆ ಗೋಡೆ ತಟ್ಟಿದ ಹಾಗೆ, ಕೈ ನೋಯುತ್ತದೆ, ಸದ್ದು ಬರುವುದಿಲ್ಲ. ಮೀನಿನ ಮೂಳೆ ಥರ ಜೋಡಿಸಿದ ಓಕ್ ಮರದ ನೆಲ. ಒಂಬತ್ತೂವರೆ ಅಡಿ ಎತ್ತರ. ಮನೆಗೆ ಎರಡು ಬಾಗಿಲು, ಒಂದು ಮುಂದಿನ ಲಿಫ್ಟಿಗೆ, ಇನ್ನೊಂದು ಅಡುಗೆ ಮನೆಯಿಂದ ಸರ್ವೀಸ್ ಲಿಫ್ಟಿಗೆ.

ಹೆಂಡತಿಗೆ ಸುತರಾಂ ಇಷ್ಟವಿಲ್ಲ. ಅವಳಿಗೆ ಲಾಂಗ್ ಐಲೆಂಡ್ ಸಿಟಿಯ ಹೊಸ ಗಾಜಿನ ಕಟ್ಟಡ ಬೇಕು. ಮನೆಯೊಳಗೇ ವಾಷಿಂಗ್ ಮಷೀನ್, ಜಿಮ್, ಎಲ್ಲಾ. ಅವಳ ಮಾತಿನಲ್ಲೂ ಸತ್ಯ ಇದೆ. ಫೆಬ್ರವರಿ ಚಳಿಯಲ್ಲಿ ಅಲ್ಲಿ ಕಿಟಕಿ ಪೂರ್ತಿ ತೆರೆದಿತ್ತು, ಆದರೂ ಒಳಗೆ ಬೆವರು. ಅಡುಗೆ ಮನೆಯಲ್ಲಿ ಒಳ್ಳೆ ನಾಲ್ಕು ಬರ್ನರ್ ಒಲೆಯ ಮೇಲೆ ಒಂದು ಸಣ್ಣ ಹಾಟ್ ಪ್ಲೇಟ್ ಇಟ್ಟಿದ್ದರು, ಯಾಕೆ ಅಂತ ಗೊತ್ತಾಗಲಿಲ್ಲ.

ಬೆಲೆ 21 ಲಕ್ಷ ಡಾಲರ್. ಮೇಂಟೆನೆನ್ಸ್ ತಿಂಗಳಿಗೆ 4,100. ಅದು ಕೋ-ಆಪ್ ಅಂತೆ, ಬೋರ್ಡ್ ಒಪ್ಪಬೇಕಂತೆ. ಅಮ್ಮ ವರ್ಷಕ್ಕೆ ಆರು ತಿಂಗಳು ಬಂದು ಇರುತ್ತಾರೆ. ಇಂಥ ಹಳೇ ಕಟ್ಟಡದಲ್ಲಿ ಇದ್ದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಜರ್ಸಿ_ಗೌಡ
ಮೊದಲು ಮನೆಯವರ ಮಾತು ಕೇಳಿ. ಉಳಿದದ್ದು ಆಮೇಲೆ.

ಡಿಕಾಕ್ಷನ್
ತಿಂಗಳಿಗೆ 4,100 ಮೇಂಟೆನೆನ್ಸಾ! ಅದು ಇಎಂಐ ಅಲ್ವಾ?

ರಿವರ್‌ಸೈಡ್_ರಾಯರು
ಅಲ್ಲ. ಇಎಂಐ ಬೇರೆ, ಇದು ಬೇರೆ. ನಾನು ಇಂಥದ್ದೇ ಕಟ್ಟಡದಲ್ಲಿ 17 ವರ್ಷದಿಂದ ಇದ್ದೇನೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕೋ-ಆಪ್‌ನಲ್ಲಿ ನೀವು ಮನೆ ಕೊಳ್ಳುವುದೇ ಇಲ್ಲ. ಇಡೀ ಕಟ್ಟಡಕ್ಕೆ ಒಂದು ಕಂಪನಿ ಯಜಮಾನ. ನೀವು ಆ ಕಂಪನಿಯ ಇಷ್ಟು ಷೇರು ಕೊಳ್ಳುತ್ತೀರಿ, ಆ ಷೇರಿನ ಬಲದಿಂದ ನಿಮಗೆ ಆ ಮನೆಯ ಲೀಸ್ ಸಿಗುತ್ತದೆ. ಕೈಗೆ ಬರೋದು ಷೇರು ಸರ್ಟಿಫಿಕೇಟು ಮತ್ತು ಲೀಸ್ ಪತ್ರ, ಕ್ರಯಪತ್ರ ಅಲ್ಲ. ಮೇಂಟೆನೆನ್ಸ್‌ನಲ್ಲಿ ಕಟ್ಟಡದ ಆಸ್ತಿ ತೆರಿಗೆ, ಬಾಯ್ಲರ್ ಇಂಧನ, ಡೋರ್‌ಮನ್ ಸಂಬಳ, ಕಟ್ಟಡದ ಮೇಲೇ ಇರುವ ಸಾಲದ ಬಡ್ಡಿ ಎಲ್ಲಾ ಸೇರಿರುತ್ತದೆ. ಹೌದು, ನಿಮ್ಮ ಸಾಲ ಬೇರೆ, ಕಟ್ಟಡದ ಸಾಲ ಬೇರೆ. ಈ ಎರಡನೆಯದನ್ನು ಕೇಳದೆ ಯಾರೂ ಮುಂದುವರಿಯಬೇಡಿ.

ಇನ್ನು ಬೋರ್ಡ್. ಅದೂ ಅಕ್ಕಪಕ್ಕದ ಮನೆಯವರೇ. ನಿಮ್ಮ ಸಂಬಳ, ಬ್ಯಾಂಕ್ ಖಾತೆ, ತೆರಿಗೆ ರಿಟರ್ನ್, ಪರಿಚಯದವರ ಪತ್ರ, ಎಲ್ಲಾ ಕಟ್ಟು ಕಟ್ಟಿ ಕೊಡಬೇಕು. ನನ್ನ ಕಟ್ಟು ದೊಡ್ಡ ಪಂಚಾಂಗದಷ್ಟು ದಪ್ಪ ಇತ್ತು. ಆಮೇಲೆ ಸಂದರ್ಶನ. ಬೇಡ ಅಂದರೆ ಬೇಡ, ಕಾರಣ ಹೇಳಬೇಕಾಗಿಲ್ಲ. ಜನಾಂಗ, ಧರ್ಮ, ಮಕ್ಕಳಿರುವುದು, ಇಂಥ ಕಾರಣಕ್ಕೆ ತಿರಸ್ಕರಿಸುವುದು ಕಾನೂನುಬಾಹಿರ. ಆದರೆ ಕಾರಣವನ್ನೇ ಹೇಳದಿದ್ದರೆ ಸಾಬೀತು ಮಾಡೋದು ಯಾರು? ಅಧ್ಯಕ್ಷಗಿರಿ ಬಿಟ್ಟ ಮೇಲೆ ನಿಕ್ಸನ್ 1979ರಲ್ಲಿ ಮ್ಯಾನ್‌ಹಟನ್‌ನಲ್ಲಿ ಕೋ-ಆಪ್ ಮನೆಗೆ ಹೋದರೆ ಅಲ್ಲಿನವರು ಬೇಡ ಅಂತ ಗಲಾಟೆ ಮಾಡಿದರು. ಕೊನೆಗೆ ಯಾರ ಅಪ್ಪಣೆಯೂ ಬೇಕಿಲ್ಲದ ಟೌನ್‌ಹೌಸ್ ಕೊಂಡರು. ಸ್ಯಾನ್ ರೆಮೋ ಕಟ್ಟಡದವರು 1985ರಲ್ಲಿ ಪಾಪ್ ಗಾಯಕಿ ಮಡೋನಾಗೇ ಬಾಗಿಲು ಹಾಕಿದರು.

ಜರ್ಸಿ_ಗೌಡ
ಮಡೋನಾಗೆ ಇಲ್ಲ ಅಂದವರು ಹಾಸನದವರಿಗೆ ಹೂಂ ಅಂತಾರಾ 😀

ರಿವರ್‌ಸೈಡ್_ರಾಯರು
ಹಾಸನದವರೇ ಸಲೀಸು ಗೌಡ್ರೇ. ಬೋರ್ಡಿಗೆ ಬೇಕಾಗಿರೋದು ಸದ್ದು ಮಾಡದ, ತಿಂಗಳಿಗೆ ಸರಿಯಾಗಿ ದುಡ್ಡು ಕಟ್ಟೋ ಮನುಷ್ಯ. ಬಾಗಿಲಲ್ಲಿ ಕ್ಯಾಮೆರಾದವರು ನಿಲ್ಲಬಾರದು ಅಷ್ಟೇ.

ಮಾಟುಂಗ_ಭಟ್
ಇದು ನಮ್ಮ ಮುಂಬೈ ಸೊಸೈಟಿಯೇ ಅಲ್ವಾ ಮಾರಾಯ್ರೇ! ನನ್ನ ಹತ್ತಿರವೂ ಷೇರು ಸರ್ಟಿಫಿಕೇಟ್ ಇದೆ. ಐವತ್ತು ರೂಪಾಯಿಯ ಐದು ಷೇರು. ಮನೆ ಬೆಲೆ ಕೋಟಿಗಟ್ಟಲೆ, ಕಾಗದದ ಮೇಲೆ 250 ರೂಪಾಯಿ. ಸೆಕ್ರೆಟರಿ ಕಾಟವೂ ಇದೇ ಥರ.

ಯುದ್ಧಕ್ಕೆ ಮುಂಚಿನ ಕಟ್ಟಡ ಅಂತ ನ್ಯೂಯಾರ್ಕಿನವರು ಕುಣಿಯೋದು ನೋಡಿದರೆ ನಗು ಬರುತ್ತದೆ. ಮರೀನ್ ಡ್ರೈವ್‌ಗೆ ಬನ್ನಿ, ಓವಲ್ ಮೈದಾನದ ಎದುರು ಬನ್ನಿ. ಸಾಲು ಸಾಲು 1930ರ ದಶಕದ ಆರ್ಟ್ ಡೆಕೋ ಕಟ್ಟಡ, ದುಂಡು ಬಾಲ್ಕನಿ. 2018ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಸಮುದ್ರದ ಗಾಳಿ ಬೇರೆ ಉಚಿತ.

ರಿವರ್‌ಸೈಡ್_ರಾಯರು
ಭಟ್ರೇ, ಒಂದು ವ್ಯತ್ಯಾಸ ಇದೆ. ನಿಮ್ಮ ಸೊಸೈಟಿ ಸುಮ್ನೆ ಕಾರಣ ಕೊಡದೆ ಸದಸ್ಯತ್ವ ಇಲ್ಲ ಅಂದರೆ ರಿಜಿಸ್ಟ್ರಾರ್ ಹತ್ತಿರ ಹೋಗಬಹುದು. ಇಲ್ಲಿ ಹಾಗೆ ಹೋಗೋ ಬಾಗಿಲೇ ಇಲ್ಲ.

ಮಾಟುಂಗ_ಭಟ್
ಹೋಗಬಹುದು ನಿಜ. ತೀರ್ಪು ಮೊಮ್ಮಗನ ಕೈಗೆ ಸಿಗುತ್ತದೆ.

ಬೆಂಗ್ಳೂರ್_ಬಾಯ್ಸ್
ಸಣ್ಣ ಪ್ರಶ್ನೆ. ಪ್ರೀ-ವಾರ್ ಅಂದ್ರೆ ಯಾವ ವಾರ್? ಮೊದಲನೆಯದಾ ಎರಡನೆಯದಾ? 1926 ಅಂದ್ರೆ ಒಂದು ಯುದ್ಧ ಮುಗಿದ ಮೇಲಲ್ವಾ?

ಕಲ್ಲು_ಕಂಬ
ಎರಡನೆಯದು. ಆದರೆ ನಿಜ ಹೇಳಬೇಕಂದ್ರೆ ಯುದ್ಧಕ್ಕಿಂತ ಮುಂಚೆಯೇ ಆಟ ಮುಗಿದಿತ್ತು. 1929ರ ಷೇರುಪೇಟೆ ಕುಸಿತ ಆದಮೇಲೆ ಇಂಥ ಭಾರಿ ಕಟ್ಟಡಕ್ಕೆ ದುಡ್ಡು ಹಾಕುವವರೇ ಇರಲಿಲ್ಲ. ಅಷ್ಟರಲ್ಲಿ ಶುರುವಾಗಿದ್ದವು 1930, 31ರ ಹೊತ್ತಿಗೆ ಮುಗಿದವು. ಸ್ಯಾನ್ ರೆಮೋ 1930, 740 ಪಾರ್ಕ್ ಅವೆನ್ಯೂ 1930. ಎರಡೂ ತಪ್ಪಿದ ಮುಹೂರ್ತದಲ್ಲಿ ಹುಟ್ಟಿದವು. ಈಗ ನೋಡಿದರೆ ಅವೇ ಅತಿ ದುಬಾರಿ.

ನಾನು ವಾಸ್ತುಶಿಲ್ಪದವನು (ದಿಕ್ಕಿನ ವಾಸ್ತು ಅಲ್ಲ), ಸ್ವಲ್ಪ ಕೊರೆಯುತ್ತೇನೆ, ಸಹಿಸಿಕೊಳ್ಳಿ.

ಹತ್ತೊಂಬತ್ತನೇ ಶತಮಾನದಲ್ಲಿ ನ್ಯೂಯಾರ್ಕಿನ ಸಾಹುಕಾರರು ಒಂದೇ ಸೂರಿನ ಕೆಳಗೆ ಬೇರೆ ಸಂಸಾರದ ಜೊತೆ ಇರೋದನ್ನು ಅವಮಾನ ಅಂತ ತಿಳಿದಿದ್ದರು. ವಠಾರ ಬಡವರಿಗೆ, ಸಾಹುಕಾರನಿಗೆ ಸ್ವಂತ ಮನೆ. ಆ ಮನಸ್ಸು ಬದಲಾಯಿಸಿದ್ದರಲ್ಲಿ ಡಕೋಟಾ ಅನ್ನೋ ಕಟ್ಟಡದ ಪಾಲು ದೊಡ್ಡದು. 1884, ಸೆಂಟ್ರಲ್ ಪಾರ್ಕ್ ಪಕ್ಕ 72ನೇ ಬೀದಿ. ಕಟ್ಟಿಸಿದ್ದು ಸಿಂಗರ್ ಹೊಲಿಗೆ ಯಂತ್ರದ ದುಡ್ಡಿನಿಂದ ಎಡ್ವರ್ಡ್ ಕ್ಲಾರ್ಕ್. ನಮ್ಮ ಅಜ್ಜಿ ತುಳಿಯುತ್ತಿದ್ದ ಅದೇ ಸಿಂಗರ್! 1980ರಲ್ಲಿ ಬೀಟಲ್ಸ್‌ನ ಗಾಯಕ ಜಾನ್ ಲೆನನ್‌ಗೆ ಗುಂಡು ಹೊಡೆದದ್ದು ಅದರ ಕಮಾನಿನ ಹತ್ತಿರವೇ.

ವಠಾರ ಅನ್ನಿಸಬಾರದು ಅಂತಲೇ ಆಮೇಲಿನವರು ಎಲ್ಲಾ ಉಪಾಯ ಮಾಡಿದರು. ಒಳಗೆ ಬಂದ ತಕ್ಷಣ ಮಲಗೋ ಕೋಣೆ ಕಾಣಬಾರದು, ಮೊದಲು ಒಂದು ನಡುಮನೆ. ಬಂದವರು ಕೂರುವ ಕೋಣೆಗಳು ಒಂದು ಕಡೆ, ಮಲಗುವ ಕೋಣೆಗಳು ಒಂದು ಕಡೆ, ಅಡುಗೆ ಮತ್ತು ಆಳುಗಳ ಕೋಣೆ ಇನ್ನೊಂದು ಕಡೆ. ಒಬ್ಬರ ಓಡಾಟ ಇನ್ನೊಬ್ಬರಿಗೆ ತಾಗಬಾರದು. ಇದರಲ್ಲಿ ಪಳಗಿದ ಕೈ ಅಂದರೆ ರೊಸಾರಿಯೊ ಕ್ಯಾಂಡೆಲಾ, ಸಿಸಿಲಿಯಿಂದ ಬಂದವನು. ಸ್ಯಾನ್ ರೆಮೋದ ಎಮರಿ ರಾತ್ ಹಂಗೇರಿಯಿಂದ ಬಂದ ಹುಡುಗ. ವಲಸೆ ಬಂದವರು ಕಟ್ಟಿದ್ದನ್ನೇ ಇವತ್ತು 'ಹಳೇ ಮನೆತನದ ಗತ್ತು' ಅಂತ ಮಾರುತ್ತಾರೆ.

ಬೆಂಗ್ಳೂರ್_ಬಾಯ್ಸ್
ಸಣ್ಣ ಪ್ರಶ್ನೆಗೆ ಇಷ್ಟು ಉತ್ತರ ಬರುತ್ತೆ ಅಂತ ಗೊತ್ತಿರಲಿಲ್ಲ ಗುರು. ಆದ್ರೂ ಸೂಪರ್.

ಮಲೆನಾಡ_ಮಳೆ
ಬ್ರಾಡ್‌ವೇಯಲ್ಲಿ ಆಪ್‌ಥಾರ್ಪ್ ಅಂತ ಒಂದಿದೆ, 1908ರದ್ದು. ಇಡೀ ಬ್ಲಾಕ್ ತುಂಬಾ ಒಂದೇ ಕಟ್ಟಡ, ನಡುವೆ ದೊಡ್ಡ ಅಂಗಳ. ಗೇಟಿನ ಕಂಬಿ ಸಂದಿಯಿಂದ ಇಣುಕಿ ನೋಡಿದೆ, ನನಗೆ ನಮ್ಮ ತೊಟ್ಟಿ ಮನೆಯೇ ನೆನಪಾಯಿತು. ಸುತ್ತ ಮನೆ, ನಡುವೆ ಆಕಾಶ. ಡೋರ್‌ಮನ್ ಬಂದು 'ಏನಾದರೂ ಸಹಾಯ ಬೇಕಾ' ಅಂದ. ಹೋಗು ಅಂತ ಹೇಳೋ ರೀತಿ ಅದು.

ಕಲ್ಲು_ಕಂಬ
ಹೋಲಿಕೆ ಚೆನ್ನಾಗಿದೆ. ಒಳಗಿನ ಕೋಣೆಗೂ ಗಾಳಿ ಬೆಳಕು ಬರಲಿ ಅಂತಲೇ ಅಂಗಳ ಬಿಟ್ಟದ್ದು. ಅಲ್ಲೇ ಹತ್ತಿರ ಆನ್ಸೋನಿಯಾ ಇದೆ, 1904. ಅದರ ಮಾಲೀಕ ಮಾಳಿಗೆಯ ಮೇಲೆ ಕೋಳಿ, ಬಾತು, ಮೇಕೆ ಸಾಕಿ ಬಾಡಿಗೆದಾರರಿಗೆ ಮೊಟ್ಟೆ ಹಂಚುತ್ತಿದ್ದ. 1907ರಲ್ಲಿ ಆರೋಗ್ಯ ಇಲಾಖೆಯವರು ಬಂದು ಮುಚ್ಚಿಸಿದರು.

ಜರ್ಸಿ_ಗೌಡ
ಈಗ ಮೇಕೆ ಸಾಕೋದಾದ್ರೆ ನಾನೂ ಬರ್ತೀನಿ.

ಒಗ್ಗರಣೆ_ಅಕ್ಕ
ಇಲ್ಲಿ ಎಲ್ಲರೂ ಇತಿಹಾಸ ಮಾತಾಡ್ತಿದ್ದೀರಿ, ಅಡುಗೆ ಮನೆ ಬಗ್ಗೆ ಒಬ್ಬರೂ ಹೇಳಲಿಲ್ಲ. ನಾನು ಹೇಳ್ತೀನಿ ಕೇಳಪ್ಪ.

ಒಂದು, ಆ ಹಾಟ್ ಪ್ಲೇಟ್. ಗ್ಯಾಸ್ ಒಲೆ ಇದ್ದೂ ಅದರ ಮೇಲೆ ಹಾಟ್ ಪ್ಲೇಟ್ ಇಟ್ಟಿದ್ದಾರೆ ಅಂದ್ರೆ ಗ್ಯಾಸ್ ಬರ್ತಿಲ್ಲ ಅಂತ ಅರ್ಥ. ಹಳೇ ಕಟ್ಟಡದಲ್ಲಿ ಒಂದು ಮನೆಯಲ್ಲಿ ಸೋರಿಕೆ ಸಿಕ್ಕಿದರೂ ಗ್ಯಾಸ್ ಕಂಪನಿಯವರು ಇಡೀ ಪೈಪ್ ಸಾಲಿಗೆ, ಕೆಲವು ಸಲ ಇಡೀ ಕಟ್ಟಡಕ್ಕೆ ನಿಲ್ಲಿಸಿಬಿಡ್ತಾರೆ. ಮತ್ತೆ ಕೊಡಬೇಕಾದ್ರೆ ಪೈಪೆಲ್ಲ ಪರೀಕ್ಷೆ ಆಗಬೇಕು, ನಗರದವರು ಸಹಿ ಹಾಕಬೇಕು. ನಮ್ಮ ಕಟ್ಟಡದಲ್ಲಿ 14 ತಿಂಗಳು ಗ್ಯಾಸ್ ಇರಲಿಲ್ಲ. ಎರಡು ದೀಪಾವಳಿ ಹಾಟ್ ಪ್ಲೇಟ್ ಮೇಲೆ ಮಾಡಿದೆ. ಎಣ್ಣೆ ಕಾಯೋದೇ ಇಲ್ಲ, ಹೋಳಿಗೆ ಮಾಡಿದ್ರೆ ಒಣ ಚಪಾತಿ. ನಾಳೆನೇ ಹೋಗಿ ಕೇಳು.

ಎರಡು, ವಾಷಿಂಗ್ ಮಷೀನ್. ಹಳೇ ಕಟ್ಟಡದಲ್ಲಿ ಬಹಳ ಕಡೆ ಮನೆಯೊಳಗೆ ಬಿಡಲ್ಲ. ಮೇಲಿನವರು ಬಟ್ಟೆ ಒಗೆದ್ರೆ ನಿಮ್ಮ ಸಿಂಕಿನಲ್ಲಿ ನೊರೆ ಬರುತ್ತೆ, ಅಷ್ಟು ಹಳೇ ಕೊಳವೆ. ನೆಲಮಾಳಿಗೆಗೆ ಹೋಗಿ ಸಾಲಲ್ಲಿ ನಿಲ್ಲಬೇಕು.

ಮೂರು, ವಾಸನೆ. ಅಡುಗೆ ಮನೆಯಲ್ಲಿ ಹೊರಗೆ ಗಾಳಿ ಎಳೆಯೋ ಚಿಮಣಿ ಇರೋದು ಅಪರೂಪ. ಇಂಗಿನ ಒಗ್ಗರಣೆ ಹಾಕಿದ್ರೆ ಲಿಫ್ಟ್ ತನಕ ಹೋಗುತ್ತೆ. ನನ್ನ ಪಕ್ಕದ ಮನೆ ಮುದುಕಮ್ಮ ಮೊದಲ ವರ್ಷ ದೂರು ಕೊಟ್ಟರು. ಮೂರನೇ ವರ್ಷ ಸಾರು ಕೇಳಿಕೊಂಡು ಬಂದರು.

ನಿನ್ನ ಹೆಂಡತಿ ಹೇಳಿದ್ದರಲ್ಲಿ ತಪ್ಪಿಲ್ಲ. ದಿನಾ ಆ ಅಡುಗೆ ಮನೆಯಲ್ಲಿ ನಿಲ್ಲೋರು ಯಾರು ಅಂತ ಯೋಚನೆ ಮಾಡು.

ಹಾಸನದ_ಹುಡುಗ
ಅಕ್ಕ, ಅಡುಗೆ ಮಾಡೋದು ನಾನು. ಅವಳು ಚಹಾ ಸಹ ಮಾಡಲ್ಲ 🙏 ಹಾಟ್ ಪ್ಲೇಟ್ ವಿಷಯ ಮಾತ್ರ ನಿಜಕ್ಕೂ ಹೊಳೆದಿರಲಿಲ್ಲ. ನಾಳೆ ಕೇಳುತ್ತೇನೆ.

ಒಗ್ಗರಣೆ_ಅಕ್ಕ
ಹಾಗಾದ್ರೆ ಇನ್ನೂ ಸರಿಯಾಗಿ ಯೋಚನೆ ಮಾಡು!

ಸಿವಿಲ್_ಸಾರ್
ಕಿಟಕಿ ಯಾಕೆ ತೆರೆದಿತ್ತು ಅನ್ನೋದಕ್ಕೆ ಉತ್ತರ ನನ್ನ ಹತ್ತಿರ ಇದೆ.

ಆ ಮನೆಗೆ ಬಿಸಿ ಬರೋದು ಹಬೆಯಿಂದ. ನೆಲಮಾಳಿಗೆಯ ಬಾಯ್ಲರ್‌ನಿಂದ ಹಬೆ ಮೇಲೆ ಹತ್ತುತ್ತದೆ, ಎರಕದ ಕಬ್ಬಿಣದ ರೇಡಿಯೇಟರ್ ಕಾಯುತ್ತದೆ, ತಣಿದು ನೀರಾಗಿ ಬಹಳ ಕಡೆ ಅದೇ ಪೈಪಿನಲ್ಲಿ ವಾಪಸ್ ಇಳಿಯುತ್ತದೆ. 1918ರ ಇನ್‌ಫ್ಲುಯೆಂಜಾ ಆದಮೇಲೆ ಕಿಟಕಿ ತೆರೆದೇ ಮಲಗಬೇಕು, ಹೊಸ ಗಾಳಿ ಬೇಕು ಅನ್ನೋ ನಂಬಿಕೆ ಜೋರಾಗಿತ್ತು. ಹಾಗಾಗಿ ಆ ಕಾಲದ ಇಂಜಿನಿಯರುಗಳು ಚಳಿಗಾಲದಲ್ಲಿ ಕಿಟಕಿ ತೆರೆದಿದ್ದರೂ ಮನೆ ಬೆಚ್ಚಗಿರಲಿ ಅಂತ ಲೆಕ್ಕ ಹಾಕಿ ರೇಡಿಯೇಟರ್ ಕೂರಿಸಿದರು. ಈಗ ಕಿಟಕಿ ಮುಚ್ಚಿದರೆ ಬಚ್ಚಲ ಮನೆಯಲ್ಲಿ ಹಂಡೆ ಪಕ್ಕ ಕೂತ ಹಾಗೆ. ನಗರದ ಕಾನೂನಿನ ಪ್ರಕಾರ ಅಕ್ಟೋಬರ್ 1ರಿಂದ ಮೇ 31ರವರೆಗೆ ಬಿಸಿ ಕೊಡಲೇಬೇಕು. ಹಗಲು ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆ ಇದ್ದರೆ ಒಳಗೆ ಕನಿಷ್ಠ 68 ಇರಬೇಕು. ಎಲ್ಲೋ ಮೂಲೆಮನೆಗೆ 68 ಮುಟ್ಟಿಸೋಕೆ ಹೋಗಿ ನಿಮ್ಮ ಮನೆಗೆ 80 ಆಗುತ್ತದೆ.

ರಾತ್ರಿ ಯಾರೋ ಪೈಪಿಗೆ ಸುತ್ತಿಗೆ ಬಡಿದ ಹಾಗೆ ಟಣ್ ಟಣ್ ಅಂತದೆ. ದೆವ್ವ ಅಲ್ಲ. ನೀರು ಪೈಪಿನಲ್ಲಿ ನಿಂತು ಹಬೆ ಅದನ್ನು ತಳ್ಳುವ ಸದ್ದು. ರೇಡಿಯೇಟರ್‌ನ ದೂರದ ಕಾಲಿನ ಕೆಳಗೆ ಒಂದು ಮರದ ಚಕ್ಕೆ ಇಟ್ಟು ಕೊಂಚ ಎತ್ತಿದರೆ ಸಾಕಷ್ಟು ಕಡೆ ನಿಂತುಹೋಗುತ್ತದೆ. ಮನೆ ನೋಡೋಕೆ ಹೋದಾಗ ಬಗ್ಗಿ ನೋಡಿ, ಚಕ್ಕೆ ಇದ್ದರೆ ಅಲ್ಲಿನ ಸೂಪರ್‌ಗೆ (ಕಟ್ಟಡ ನೋಡಿಕೊಳ್ಳುವವನಿಗೆ) ಕೆಲಸ ಗೊತ್ತು ಅಂತ.

ಈಗ ದುಡ್ಡಿನ ವಿಷಯ. ಎರಡು ಖರ್ಚು ನಿಮ್ಮ ತಲೆ ಮೇಲೆ ತೂಗುತ್ತಿವೆ. ಆರು ಮಹಡಿಗಿಂತ ಎತ್ತರದ ಕಟ್ಟಡದ ಹೊರಗೋಡೆಯನ್ನು ಐದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಲೇಬೇಕು. 1979ರಲ್ಲಿ ಬರ್ನಾರ್ಡ್ ಕಾಲೇಜಿನ ಒಬ್ಬ ವಿದ್ಯಾರ್ಥಿನಿಯ ಮೇಲೆ ಹಳೇ ಕಟ್ಟಡದ ಗೋಡೆಯ ತುಂಡು ಬಿದ್ದು ತೀರಿಕೊಂಡಳು, ಮಾರನೇ ವರ್ಷ ಕಾನೂನು ಬಂತು, 1998ರಲ್ಲಿ ಇನ್ನೂ ಬಿಗಿಯಾಯಿತು. ಫುಟ್‌ಪಾತ್ ಮೇಲೆ ವರ್ಷಗಟ್ಟಲೆ ಹಸಿರು ಹಲಗೆಯ ಚಪ್ಪರ ಕಾಣುತ್ತದಲ್ಲ, ಅದರಲ್ಲಿ ಬಹುಪಾಲು ಈ ಕಾರಣಕ್ಕೆ. ಎರಡನೆಯದು 2019ರ ಲೋಕಲ್ ಲಾ 97 ಅನ್ನೋ ನಗರದ ಕಾನೂನು. 25,000 ಚದರ ಅಡಿಗಿಂತ ದೊಡ್ಡ ಕಟ್ಟಡ ಇಷ್ಟೇ ಇಂಗಾಲ ಬಿಡಬೇಕು ಅಂತ 2024ರಿಂದ ಮಿತಿ, 2030ರಿಂದ ಇನ್ನೂ ಬಿಗಿ. ಮೀರಿದರೆ ಟನ್ನಿಗೆ 268 ಡಾಲರ್ ದಂಡ. ಹಬೆ ಬಾಯ್ಲರ್ ಇಟ್ಟುಕೊಂಡು ಕಿಟಕಿ ತೆರೆದು ಕೂತ ಕಟ್ಟಡದ ಗತಿ ನೀವೇ ಊಹಿಸಿ.

ಆದ್ದರಿಂದ ಚಾವಣಿಯ ಗಾರೆ ಅಂಚು ನೋಡಿ ಮರುಳಾಗಬೇಡಿ. ಲಾಯರ್ ಮೂಲಕ ಎರಡು ಮೂರು ವರ್ಷದ ಬೋರ್ಡ್ ಸಭೆಯ ನಡಾವಳಿ ಓದಿಸಿ. ಗ್ಯಾಸ್, ಗೋಡೆ, ಲಿಫ್ಟ್, ಮಾಳಿಗೆ, ಯಾವುದಕ್ಕೆ ಕಿತ್ತಾಡಿದ್ದಾರೆ ಅಂತ ಅಲ್ಲೇ ಇರುತ್ತದೆ.

ಡಿಕಾಕ್ಷನ್
ಸಾರ್, ಲಿಫ್ಟ್ ಅಂದಾಗ ನೆನಪಾಯಿತು. ಕೆಲವು ಹಳೇ ಲಿಫ್ಟ್‌ಗಳು ಡಿಸಿ (ಬ್ಯಾಟರಿ ಥರ ಒಂದೇ ದಿಕ್ಕಿಗೆ ಹರಿಯೋ) ಕರೆಂಟಿನಲ್ಲಿ ಓಡುತ್ತಿದ್ದವು ಅಂತಾರೆ, ನಿಜವಾ?

ಸಿವಿಲ್_ಸಾರ್
ನಿಜ. ಎಡಿಸನ್ 1882ರಲ್ಲಿ ಪರ್ಲ್ ಸ್ಟ್ರೀಟ್‌ನಲ್ಲಿ ಶುರು ಮಾಡಿದ್ದೇ ಡಿಸಿ. ಮ್ಯಾನ್‌ಹಟನ್‌ನಲ್ಲಿ ಡಿಸಿ ಪೂರೈಕೆ ಪೂರ್ತಿ ನಿಂತದ್ದು 2007ರ ನವೆಂಬರ್‌ನಲ್ಲಿ. ಅಲ್ಲಿಯವರೆಗೆ ಉಳಿದಿದ್ದ ಗಿರಾಕಿಗಳಲ್ಲಿ ಹಳೇ ಲಿಫ್ಟ್‌ಗಳೇ ಜಾಸ್ತಿ.

ಕ್ವೀನ್ಸ್_ಕನ್ನಡಿಗ
ಇಷ್ಟೊಂದು ದುಡ್ಡು ಮ್ಯಾನ್‌ಹಟನ್‌ಗೆ ಯಾಕೆ ಸುರಿಯುತ್ತೀರಿ? ಕ್ವೀನ್ಸ್‌ನ ಜ್ಯಾಕ್ಸನ್ ಹೈಟ್ಸ್‌ಗೆ ಬನ್ನಿ. 1920ರ ದಶಕದ ಕೋ-ಆಪ್‌ಗಳೇ, ಬ್ಲಾಕ್ ನಡುವೆ ಉದ್ದಕ್ಕೆ ತೋಟ. ಕೆಳಗಿಳಿದರೆ 74ನೇ ಬೀದಿ, ಪಟೇಲ್ ಬ್ರದರ್ಸ್, ಕರಿಬೇವು ಹಸಿ ಹಸಿ. ಫ್ಲಶಿಂಗ್ ಗಣೇಶನ ಗುಡಿಗೂ ದೂರವಿಲ್ಲ, ಕ್ಯಾಂಟೀನ್ ದೋಸೆ ತಿಂದು ಬರಬಹುದು. ಬೆಲೆ ಮ್ಯಾನ್‌ಹಟನ್‌ಗಿಂತ ಎಷ್ಟೋ ಕಡಿಮೆ.

ಜರ್ಸಿ_ಗೌಡ
ಹಾಗಂದ್ರೆ ನಮ್ಮ ನ್ಯೂಜರ್ಸಿಯ ಎಡಿಸನ್ ಊರಿಗೇ ಬನ್ನಿ. ಮನೆ, ಹಿತ್ತಲು, ಗ್ಯಾರೇಜು. ಬೋರ್ಡೂ ಇಲ್ಲ ಗೀರ್ಡೂ ಇಲ್ಲ.

ಕಲ್ಲು_ಕಂಬ
ಜ್ಯಾಕ್ಸನ್ ಹೈಟ್ಸ್ ತೋಟಗಳು ನಿಜಕ್ಕೂ ಸೊಗಸು, 1993ರಿಂದ ಐತಿಹಾಸಿಕ ಪ್ರದೇಶ. ಒಂದು ಮಾತು ಸೇರಿಸಬೇಕು. ಅದನ್ನು ಕಟ್ಟಿದ ಕಾಲದಲ್ಲಿ ಯಹೂದಿಗಳಿಗೆ, ಕರಿಯರಿಗೆ ಅಲ್ಲಿ ಮನೆ ಕೊಡುತ್ತಿರಲಿಲ್ಲ. ಈಗ ಅದೇ ಬೀದಿಯಲ್ಲಿ ಪಂಜಾಬಿ, ಬಾಂಗ್ಲಾ, ಟಿಬೆಟ್, ಕೊಲಂಬಿಯಾ ಎಲ್ಲರೂ ಇದ್ದಾರೆ. ಕಟ್ಟಿದವರು ಬಂದು ನೋಡಬೇಕಿತ್ತು.

ಕ್ವೀನ್ಸ್_ಕನ್ನಡಿಗ
ಅಕ್ಷರಕ್ಕೆ ಅಂಕ ಸಿಗೋ ಪದ ಜೋಡಿಸುವ ಆಟ ಸ್ಕ್ರ್ಯಾಬಲ್ ಹುಟ್ಟಿದ್ದೂ ಅಲ್ಲೇ. 35ನೇ ಅವೆನ್ಯೂದ ಬೀದಿ ಫಲಕದಲ್ಲಿ ಅಕ್ಷರದ ಪಕ್ಕ ಅಂಕ ಬರೆದಿದ್ದಾರೆ.

ಮಲೆನಾಡ_ಮಳೆ
ನನಗೆ ಆ ಎರಡನೇ ಬಾಗಿಲು ಕಿರಿಕಿರಿ ಮಾಡುತ್ತದೆ. ಆಳುಗಳು ಮುಂದಿನ ಲಿಫ್ಟ್ ಹತ್ತಬಾರದು ಅಂತ ಮಾಡಿದ್ದು ತಾನೇ? ಆ ಪುಟ್ಟ ಕೋಣೆಯಲ್ಲಿ ಒಬ್ಬ ಹೆಣ್ಣುಮಗಳು ವರ್ಷಗಟ್ಟಲೆ ಮಲಗಿದ್ದಳು. ನಾವು ಅದನ್ನು 'ಬೋನಸ್ ರೂಮ್' ಅಂತ ಖುಷಿಪಡುತ್ತೇವೆ.

ಮಾಟುಂಗ_ಭಟ್
ನಮ್ಮಲ್ಲಿ ಹಿತ್ತಲ ಬಾಗಿಲು ಇರಲಿಲ್ವಾ? ಯಾರು ಎಲ್ಲಿಂದ ಬರಬೇಕು ಅನ್ನೋದು ನಮ್ಮವರಿಗೆ ನ್ಯೂಯಾರ್ಕಿನವರು ಕಲಿಸಬೇಕಾಗಿಲ್ಲ.

ಮಲೆನಾಡ_ಮಳೆ
ಅದಕ್ಕೇ ಕಿರಿಕಿರಿ ಅಂದದ್ದು ಭಟ್ರೇ. ಗುರುತು ಸಿಕ್ಕಿತು.

ಹಾಸನದ_ಹುಡುಗ
ವಿಷಯ ತಿಳಿಯಿತು. ಒಗ್ಗರಣೆ ಅಕ್ಕನಿಗೆ ಸಾಷ್ಟಾಂಗ. ಗ್ಯಾಸ್ ನಿಂತು ಏಳು ತಿಂಗಳಾಗಿದೆ! ಬ್ರೋಕರ್ ಕೇಳಿದ ಮೇಲೆ ಬಾಯಿಬಿಟ್ಟರು, 'ಇನ್ನೇನು ಬಂದೇ ಬಿಡುತ್ತದೆ' ಅಂದರು. ಲಾಯರ್ ನಡಾವಳಿ ಓದಿ ಹೇಳಿದ್ದು: ಪೈಪ್ ಪರೀಕ್ಷೆ ಒಮ್ಮೆ ಫೇಲ್ ಆಗಿದೆ. ಗೋಡೆ ಕೆಲಸ ಹೋದ ವರ್ಷವೇ ಮುಗಿದಿದೆ, ಅದಕ್ಕೆ ಎಲ್ಲರಿಂದ ದುಡ್ಡು ವಸೂಲೂ ಆಗಿದೆ. ರೇಡಿಯೇಟರ್ ಕೆಳಗೆ ಬಗ್ಗಿ ನೋಡಿದೆ ಸಾರ್, ಎರಡು ಕಡೆ ಚಕ್ಕೆ ಇದೆ.

ಇನ್ನೊಂದು. ಅಮ್ಮ ವಿಡಿಯೋ ಕಾಲ್‌ನಲ್ಲಿ ಆ ಪುಟ್ಟ ಕೋಣೆ ನೋಡಿ ಅದೇ ದೇವರ ಮನೆ ಅಂತ ತೀರ್ಮಾನ ಮಾಡಿಬಿಟ್ಟಿದ್ದಾರೆ. ಆರು ಅಡಿ ಅಗಲ, ಒಂಬತ್ತು ಅಡಿ ಉದ್ದ, ಪೂರ್ವಕ್ಕೆ ಒಂದು ಕಿಟಕಿ.

ರಿವರ್‌ಸೈಡ್_ರಾಯರು
ಏಳು ತಿಂಗಳು ಗ್ಯಾಸಿಲ್ಲ ಅಂದರೆ ಬೆಲೆ ಇಳಿಸಿ ಕೇಳಿ. ನಾಚಿಕೆ ಬೇಡ. 20 ಲಕ್ಷಕ್ಕಿಂತ ಒಂದು ಡಾಲರ್ ಆದರೂ ಕೆಳಗೆ ತನ್ನಿ. 10 ಲಕ್ಷ ಮುಟ್ಟಿದ ಮನೆಗೆ ಕೊಳ್ಳುವವರು ಶೇ 1 ಮ್ಯಾನ್ಷನ್ ತೆರಿಗೆ ಕಟ್ಟಬೇಕು, 20 ಲಕ್ಷ ಮುಟ್ಟಿದರೆ ಅದು ಶೇ 1.25. ಎರಡು ಮಲಗೋ ಕೋಣೆಯ ಮನೆಗೆ ಮ್ಯಾನ್ಷನ್ ಅಂತ ಹೆಸರು ಬೇರೆ! ಸಮಾಧಾನಕ್ಕೆ ಒಂದಿದೆ. ಕೋ-ಆಪ್ ಸಾಲಕ್ಕೆ ಮಾರ್ಟ್‌ಗೇಜ್ ರೆಕಾರ್ಡಿಂಗ್ ತೆರಿಗೆ ಇಲ್ಲ, ಯಾಕಂದ್ರೆ ಅಡವಿಡುವುದು ಷೇರು, ಜಾಗ ಅಲ್ಲ. ಹೊಸ ಕಾಂಡೋಗೆ (ಷೇರಲ್ಲ, ಮನೆಯೇ ನಿಮ್ಮ ಹೆಸರಿಗೆ ಬರುವ ಫ್ಲ್ಯಾಟ್) ಅದು ಬೀಳುತ್ತದೆ.

ಮತ್ತೆ, ಮುಂಗಡ ಕೊಟ್ಟ ಮೇಲೂ ಕೈಯಲ್ಲಿ ಒಂದೆರಡು ವರ್ಷದ ಖರ್ಚಿನಷ್ಟು ದುಡ್ಡು ಉಳಿದಿರಬೇಕು ಅಂತ ಬೋರ್ಡ್ ನೋಡುತ್ತದೆ. ಪಾರ್ಕ್ ಅವೆನ್ಯೂದ ಕೆಲವು ಕಡೆ ಸಾಲವೇ ಕೂಡದು, ಪೂರ್ತಿ ನಗದು. ವೆಸ್ಟ್ ಎಂಡ್‌ನವರು ಅಷ್ಟು ಗತ್ತಿನವರಲ್ಲ.

ಸಿವಿಲ್_ಸಾರ್
ಪೂರ್ವದ ಕಿಟಕಿ ಬಗ್ಗೆ ತಿದ್ದುಪಡಿ. ಮ್ಯಾನ್‌ಹಟನ್‌ನ ಬೀದಿಗಳು ನಿಜವಾದ ದಿಕ್ಕಿನಿಂದ ಸುಮಾರು 29 ಡಿಗ್ರಿ ತಿರುಗಿವೆ. ಇಲ್ಲಿನವರು ಪೂರ್ವ ಅನ್ನೋದು ಆಗ್ನೇಯದ ಕಡೆ ವಾಲಿದ ಪೂರ್ವ.

ಒಗ್ಗರಣೆ_ಅಕ್ಕ
ಆಗ್ನೇಯ ಅಂದ್ರೆ ಅಡುಗೆ ಮನೆ ಜಾಗ. ಹಾಗಾದ್ರೆ ಆ ಕೋಣೆಗೆ ಒಲೆ, ಅಡುಗೆ ಮನೆಗೆ ದೇವರು?

ಸಿವಿಲ್_ಸಾರ್
ಅಕ್ಕ, ಅಡುಗೆ ಮನೆ ಜರುಗಿಸೋಕೆ ಬೋರ್ಡ್ ಬಿಡಲ್ಲ. ಕೆಳಗಿನವರ ಮಲಗೋ ಕೋಣೆ, ಹಾಲಿನ ಮೇಲೆ ನಿಮ್ಮ ನೀರಿನ ಜಾಗ ಬರಬಾರದು ಅನ್ನೋದು ಹೆಚ್ಚಿನ ಕಟ್ಟಡಗಳ ನಿಯಮ.

ಡಿಕಾಕ್ಷನ್
ಅಮ್ಮನಿಗೆ ಈ 29 ಡಿಗ್ರಿ ವಿಷಯ ಯಾರೂ ಹೇಳಬೇಡಿ.

ಹಾಸನದ_ಹುಡುಗ
ಹೇಳಲ್ಲ. ಬೆಲೆ 19.8 ಲಕ್ಷಕ್ಕೆ ಇಳಿಯಿತು. ಹೆಂಡತಿ ಒಂದು ಷರತ್ತಿನ ಮೇಲೆ ಒಪ್ಪಿದ್ದಾಳೆ: ನೆಲಮಾಳಿಗೆಗೆ ಬಟ್ಟೆ ಹೊತ್ತುಕೊಂಡು ಹೋಗೋದು ನಾನು, ಜೀವಮಾನವಿಡೀ. ಕಾಗದದಲ್ಲಿ ಬರೆದು ಸಹಿ ಹಾಕಿಸಿಕೊಂಡಳು. ಸಂದರ್ಶನ ಮುಂದಿನ ತಿಂಗಳು.

ರಿವರ್‌ಸೈಡ್_ರಾಯರು
ಸಂದರ್ಶನದಲ್ಲಿ ಕೇಳಿದ್ದಕ್ಕೆ ಮಾತ್ರ ಉತ್ತರ. ನೀವಾಗಿ ಏನೂ ಕೇಳಬೇಡಿ. ಗೋಡೆ ಒಡೆಸುತ್ತೇನೆ ಅಂತ ತಪ್ಪಿಯೂ ಬಾಯಿಬಿಡಬೇಡಿ. ಬೇಗ ಮುಗಿದರೆ ಒಳ್ಳೆ ಲಕ್ಷಣ.

ಜರ್ಸಿ_ಗೌಡ
ನಮ್ಮ ಕಾಲದಲ್ಲಿ ಹೆಣ್ಣು ನೋಡೋಕೆ ಹೋದಾಗಲೂ ಇದನ್ನೇ ಹೇಳಿ ಕಳಿಸಿದ್ದರು.

ಹಾಸನದ_ಹುಡುಗ
ಮೂರು ತಿಂಗಳ ನಂತರ ಬರೆಯುತ್ತಿದ್ದೇನೆ. ಸಂದರ್ಶನ 20 ನಿಮಿಷ. ಐದು ಜನ, ಒಂದು ಪ್ಲೇಟ್ ಬಿಸ್ಕೆಟ್. ನಾವು ಮುಟ್ಟಲಿಲ್ಲ, ಮುಟ್ಟಬೇಕಿತ್ತಾ ಗೊತ್ತಿಲ್ಲ. ಕೇಳಿದ ಒಂದೇ ಗಟ್ಟಿ ಪ್ರಶ್ನೆ, ವಾಷಿಂಗ್ ಮಷೀನ್ ಇಡುವ ಯೋಚನೆ ಇದೆಯಾ ಅಂತ. ಹೆಂಡತಿ ನನ್ನ ಕಡೆ ಕೈ ತೋರಿಸಿ 'ಇವರೇ ನಮ್ಮ ವಾಷಿಂಗ್ ಮಷೀನ್' ಅಂದಳು. ಮೂಲೆಯಲ್ಲಿದ್ದ ಅಜ್ಜಿ ನಕ್ಕರು. ನಾಲ್ಕನೇ ದಿನ ಒಪ್ಪಿಗೆ ಬಂತು.

ಮೊನ್ನೆ ಗೃಹಪ್ರವೇಶ. ಗ್ಯಾಸ್ ಇನ್ನೂ ಬಂದಿಲ್ಲ. ಹಳೇ ಮಾಲೀಕರು ಹಾಟ್ ಪ್ಲೇಟನ್ನು ಅಲ್ಲೇ ಬಿಟ್ಟು ಹೋಗಿದ್ದರು, ಒಂದು ಚೀಟಿ ಅಂಟಿಸಿ: 'ಇದು ನಿಮಗೆ ಬೇಕಾಗುತ್ತದೆ.' ಅದರ ಮೇಲೇ ಹಾಲಿಟ್ಟೆವು. ಉಕ್ಕೋದಕ್ಕೆ ಹನ್ನೊಂದು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಅಮ್ಮ ಹಾಸನದಿಂದ ಫೋನಿನಲ್ಲಿ ಪಾತ್ರೆಯನ್ನೇ ನೋಡುತ್ತಿದ್ದರು.

ಒಗ್ಗರಣೆ_ಅಕ್ಕ
ಒಳ್ಳೆಯದಾಗಲಿ ಕಣಪ್ಪ. ಯಾವ ದಿಕ್ಕಿಗೆ ಉಕ್ಕಿತು?

ಹಾಸನದ_ಹುಡುಗ
ಅಮ್ಮನಿಗೆ ಪೂರ್ವ ಅಂತ ಹೇಳಿದ್ದೇನೆ ಅಕ್ಕ. ರೇಡಿಯೇಟರ್ ಇರುವ ದಿಕ್ಕಿಗೆ. ಇನ್ನೂ ವಾಸನೆ ಹೋಗಿಲ್ಲ.